ಹೆಸರು ಹೇಳದ ದೋಷ, ಮೊದಲೇ ಬಂದ ಪ್ಯಾಚ್: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ ಕಡೆಯ ಪತ್ತಿನ ಸಂಘಗಳು, ಉದ್ಯಮಬಾಗದ ವರ್ಕ್‌ಶಾಪ್‌ಗಳು, ಕೆಲವು ಕಾಲೇಜು ಲ್ಯಾಬ್‌ಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಪ್ರೊಸೆಸರ್ ಒಳಗೆ ಏನೋ ದೋಷ ಇದೆಯಂತೆ, ಕಂಪನಿಯವರು ಇನ್ನೂ ಹೇಳಿಲ್ಲವಂತೆ ಅನ್ನುವ ಸುದ್ದಿ ಎದ್ದಾಗಲೆಲ್ಲ ಫೋನ್ ಬರುತ್ತದೆ. ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಇಂಥ ಊಹಾಪೋಹ ತೀರಾ ಜೋರಾಗಿ ನಡೆದದ್ದು 2017ರ ಕೊನೆಯಲ್ಲಿ. ಅದನ್ನೇ ಹಿಡಿದುಕೊಂಡು ಇಲ್ಲಿ ಉತ್ತರ ಬರೆದಿದ್ದೇನೆ. ಸಂಘದ ಮ್ಯಾನೇಜರ್‌ಗಳೂ ಓದುತ್ತಾರೆ, ವಿಟಿಯು ಹುಡುಗ ಹುಡುಗಿಯರೂ ಓದುತ್ತಾರೆ. ತಮಗೆ ಬೇಕಾದ ಪ್ರಶ್ನೆ ಹುಡುಕಿಕೊಂಡು ಓದಬಹುದು.

ಅಷ್ಟಕ್ಕೂ 2017ರ ಕೊನೆಯಲ್ಲಿ ಆಗಿದ್ದೇನು?

ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ಗೆ ಒಂದು ದೊಡ್ಡ ಬದಲಾವಣೆ ಅವಸರದಲ್ಲಿ ಬಂದು ಸೇರಿತು. ನಿಜವಾದ ಕಾರಣವನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಆ ಬದಲಾವಣೆಯ ಹೆಸರು ಕರ್ನಲ್ ಪೇಜ್ ಟೇಬಲ್ ಐಸೋಲೇಶನ್. ಚಿಕ್ಕದಾಗಿ ಪಿಟಿಐ ಅನ್ನುತ್ತಾರೆ. ಇದರ ಮೂಲ ಆಸ್ಟ್ರಿಯಾದ ಗ್ರಾಜ್ ತಾಂತ್ರಿಕ ವಿಶ್ವವಿದ್ಯಾಲಯದವರು ಮಾಡಿದ ಕೈಸರ್ ಎಂಬ ಪ್ಯಾಚ್, ಅಂದರೆ ಕೋಡ್‌ಗೆ ಹಾಕುವ ತೇಪೆ. ಡೇನಿಯಲ್ ಗ್ರೂಸ್ ಮತ್ತು ಅವರ ಜೊತೆಗಾರರು ಅದನ್ನು 2017ರ ಮೇ ತಿಂಗಳಲ್ಲೇ ಕರ್ನಲ್ ತಂಡದ ಮುಂದೆ ಇಟ್ಟಿದ್ದರು. ಅಕ್ಟೋಬರ್ 31ರಂದು ಇಂಟೆಲ್‌ನ ಡೇವ್ ಹ್ಯಾನ್ಸನ್ ಅದನ್ನೇ ತಿದ್ದಿ ಮತ್ತೆ ತಂದರು. ಆಮೇಲೆ ಥಾಮಸ್ ಗ್ಲೈಕ್ಸ್‌ನರ್, ಆಂಡಿ ಲುಟೊಮಿರ್ಸ್ಕಿ ಕೈಹಾಕಿ ಬಹುಪಾಲು ಹೊಸದಾಗಿ ಬರೆದರು. ಡಿಸೆಂಬರ್ ಕೊನೆಗೆ 4.15ರ ಆರನೇ ಆರ್‌ಸಿಗೆ ಅದು ಸೇರಿಯೇಬಿಟ್ಟಿತು. ಜನವರಿ ಶುರುವಾಗುತ್ತಿದ್ದ ಹಾಗೆ 4.14ರ ಸಾಲಿಗೂ, 4.14.11ರಲ್ಲಿ, ಇಳಿದು ಬಂತು.

ಕರ್ನಲ್‌ನ ರೂಢಿ ಬಲ್ಲವರಿಗೆ ಅನುಮಾನ ಬಂದದ್ದು ಇಲ್ಲೇ. ಆರ್‌ಸಿ ಅಂದರೆ ಬಿಡುಗಡೆಗೆ ಮುಂಚಿನ ಹಂತ. ಆಗ ಸಣ್ಣಪುಟ್ಟ ತಿದ್ದುಪಡಿ ಬಿಟ್ಟು ಬೇರೇನೂ ತೆಗೆದುಕೊಳ್ಳುವುದಿಲ್ಲ. ಇದೋ ಮೆಮೊರಿ ನಿರ್ವಹಣೆಯ ಬುಡಕ್ಕೇ ಕೈ ಹಾಕುವ ಕೆಲಸ. ಅದರ ಮೇಲೆ ಕಂಪ್ಯೂಟರಿನ ವೇಗವನ್ನೂ ಕಡಿಮೆ ಮಾಡುತ್ತದೆ. ಹೊರಗೆ ಹೇಳಿದ ಕಾರಣ ಏನೆಂದರೆ, ಕರ್ನಲ್ ಮೆಮೊರಿಯಲ್ಲಿ ಎಲ್ಲಿ ಕೂತಿದೆ ಎಂಬ ವಿಳಾಸವನ್ನು ಮುಚ್ಚಿಡುವುದು. ಆ ವಿಳಾಸ ಪತ್ತೆಮಾಡುವ ದಾರಿಗಳು ಮೊದಲೂ ಸಿಕ್ಕಿದ್ದವು, ಆಗ ಯಾರೂ ಇಷ್ಟು ಓಡಾಡಿರಲಿಲ್ಲ. ಬರೀ ಅಷ್ಟಕ್ಕೆ ಇಷ್ಟು ಬೆಲೆ ತೆರುತ್ತಾರಾ? ನವೆಂಬರ್‌ನಲ್ಲಿ ವಿಂಡೋಸ್‌ನ ಪರೀಕ್ಷಾ ಆವೃತ್ತಿಯಲ್ಲೂ ಇಂಥದ್ದೇ ಬದಲಾವಣೆ ಕಾಣಿಸಿತು. ದೊಡ್ಡ ಕ್ಲೌಡ್ ಕಂಪನಿಗಳು ಜನವರಿ ಮೊದಲ ದಿನಗಳಲ್ಲಿ ಸರ್ವರ್ ರೀಸ್ಟಾರ್ಟ್ ಮಾಡುತ್ತೇವೆ ಎಂದು ಗ್ರಾಹಕರಿಗೆ ತಿಳಿಸಿದ್ದವು. ಎಲ್ಲ ಒಂದೇ ದಿಕ್ಕಿಗೆ ಬೆರಳು ತೋರಿಸುತ್ತಿತ್ತು.

ಬರೀ ಪ್ಯಾಚ್ ನೋಡಿ ಗುಟ್ಟು ಹೇಗೆ ಗೊತ್ತಾಯಿತು?

ನನಗೆ ಈ ಇಡೀ ಕಥೆಯಲ್ಲಿ ತುಂಬಾ ಇಷ್ಟವಾದ ಭಾಗ ಇದು. ನಿಧಾನವಾಗಿ ಹೇಳುತ್ತೇನೆ.

ಮೊದಲು ಸೇರಿಸಿದ ಕೋಡ್‌ನಲ್ಲಿ ಒಂದು ಕಾಮೆಂಟ್ ಇತ್ತು. ಸದ್ಯಕ್ಕೆ ಎಲ್ಲ ಎಕ್ಸ್86 (ಇಂಟೆಲ್, ಎಎಂಡಿ ಬಗೆಯ) ಸಿಪಿಯುಗಳೂ ಅಸುರಕ್ಷಿತ ಎಂದಿಟ್ಟುಕೊಳ್ಳಿ, ಅಂತ. ಅದರ ಕೆಳಗಿನ ಸಾಲು ಪ್ರತಿ ಪ್ರೊಸೆಸರ್‌ಗೂ 'ಬಗ್ ಸಿಪಿಯು ಇನ್‌ಸೆಕ್ಯೂರ್' ಎಂಬ ಗುರುತು ಹಚ್ಚುತ್ತಿತ್ತು. ಯಾವ ಬಗ್ ಅಂತ ಹೆಸರಿಲ್ಲ, ವಿವರ ಇಲ್ಲ. ಬಗ್ ಇರುವುದು ಸಾಫ್ಟ್‌ವೇರ್‌ನಲ್ಲಲ್ಲ, ಸಿಪಿಯುನಲ್ಲಿ ಅನ್ನುವುದು ಮಾತ್ರ ಅಲ್ಲೇ ಬರೆದಾಗಿತ್ತು.

ಡಿಸೆಂಬರ್ 26ರಂದು ಎಎಂಡಿಯ ಟಾಮ್ ಲೆಂಡಾಕಿ ಒಂದು ಪುಟ್ಟ ಪ್ಯಾಚ್ ಕಳಿಸಿದರು. ಪ್ರೊಸೆಸರ್ ಎಎಂಡಿಯದ್ದಾಗಿದ್ದರೆ ಆ ಗುರುತು ಹಚ್ಚಬೇಡಿ, ಅಷ್ಟೇ ಅದರ ಕೆಲಸ. ಆದರೆ ಪ್ಯಾಚ್ ಜೊತೆ ಕಾರಣ ಬರೆಯಬೇಕಲ್ಲ, ಬರೆದರು. ನಮ್ಮ ಚಿಪ್‌ಗಳಲ್ಲಿ ಕಡಿಮೆ ಅಧಿಕಾರದ ಕೋಡ್ ಹೆಚ್ಚು ಅಧಿಕಾರದ ಡೇಟಾ ಓದಲು ಹೋಗಿ ಪೇಜ್ ಫಾಲ್ಟ್ (ಅನುಮತಿ ಇಲ್ಲವೆಂಬ ತಡೆ) ಆಗುವಂತಿದ್ದರೆ, ಆ ಓದನ್ನು ಬಿಡುವುದಿಲ್ಲ, ಊಹೆಯ ಮೇಲೆ ಮಾಡುವ ಓದನ್ನೂ ಬಿಡುವುದಿಲ್ಲ ಎಂಬ ಅರ್ಥದ ಮಾತು. 'ಊಹೆಯ ಮೇಲೆ ಮಾಡುವ ಓದು' ಎಂಬ ಆ ಒಂದು ತುಂಡಿನಲ್ಲೇ ಗುಟ್ಟೆಲ್ಲ ಇತ್ತು. ಎಎಂಡಿ ಬಿಡುವುದಿಲ್ಲ ಅಂದರೆ ಬೇರೆಯವರ ಚಿಪ್ ಬಿಡುತ್ತದೆ ಅಂತಲೇ ಅಲ್ವಾ?

ಇನ್ನೊಂದು ಸುಳಿವು ಬೇರೆ ಕಡೆ ಬಿದ್ದಿತ್ತು. ಆಂಡರ್ಸ್ ಫೋಗ್ ಎಂಬ ಸಂಶೋಧಕರು 2017ರ ಜುಲೈ ಕೊನೆಯಲ್ಲಿ ಇಂಥದ್ದೇ ಪ್ರಯೋಗ ಮಾಡಿ, ಕರ್ನಲ್ ಮೆಮೊರಿ ಓದಲು ಆಗಲಿಲ್ಲ ಎಂದು ಬರೆದಿದ್ದರು. ಸೋತ ಪ್ರಯೋಗವನ್ನೂ ವಿವರವಾಗಿ ಬರೆದಿಟ್ಟದ್ದು ಅವರ ದೊಡ್ಡತನ. ಎರಡನ್ನೂ ಜೋಡಿಸಿ ನೋಡಿದವರಿಗೆ ದಾರಿ ಕಂಡಿತು. ಜನವರಿ 3ರಂದು ಆಮ್‌ಸ್ಟರ್‌ಡ್ಯಾಮ್‌ನ ಎರಿಕ್ ಬೋಸ್‌ಮನ್ ಕೆಲಸ ಮಾಡುವ ನಮೂನೆಯನ್ನೇ ತೋರಿಸಿದರು. ಜನವರಿ 9ಕ್ಕೆ ಹೇಳಬೇಕೆಂದು ಕಂಪನಿಗಳು ಇಟ್ಟುಕೊಂಡಿದ್ದ ಸುದ್ದಿ ಅದೇ ದಿನ ಹೊರಗೆ ಬಂತು. ಎರಡು ದೋಷಗಳು, ಮೆಲ್ಟ್‌ಡೌನ್ ಮತ್ತು ಸ್ಪೆಕ್ಟರ್.

ಮೆಲ್ಟ್‌ಡೌನ್ ಅಂದರೆ ಏನು? ಸರಳವಾಗಿ ಹೇಳಿ.

ಪ್ರೊಸೆಸರ್ ಒಂದು ಕೆಲಸ ಮುಗಿಯಲಿ ಅಂತ ಸುಮ್ನೆ ಕಾಯುವುದಿಲ್ಲ. ಮುಂದೆ ಇದು ಬೇಕಾಗಬಹುದು ಎಂದು ಊಹಿಸಿ ಮುಂದಿನ ಸಾಲುಗಳನ್ನು ಮೊದಲೇ ಮಾಡಿಟ್ಟುಕೊಳ್ಳುತ್ತದೆ. ನಮ್ಮ ಖಾನಾವಳಿಗಳಲ್ಲಿ ದಿನದ ಗಿರಾಕಿ ಬೈಕ್ ನಿಲ್ಲಿಸುತ್ತಿದ್ದ ಹಾಗೆ ಒಳಗೆ ಜೋಳದ ರೊಟ್ಟಿ ಬಡಿಯಲು ಶುರುಮಾಡುತ್ತಾರಲ್ಲ, ಹಾಗೆ. ಗಿರಾಕಿ ಇವತ್ತು ಬೇಡ ಅಂದರೆ ರೊಟ್ಟಿ ಎತ್ತಿಡುತ್ತಾರೆ. ಆದರೆ ಹಂಚು ಬಿಸಿಯಾಗಿಯೇ ಇರುತ್ತದೆ. ಮುಟ್ಟಿ ನೋಡಿದವರಿಗೆ ರೊಟ್ಟಿ ಬೇಯುತ್ತಿತ್ತು ಅಂತ ತಿಳಿಯುತ್ತದೆ.

ಪ್ರೊಸೆಸರ್‌ನ ಬಿಸಿ ಹಂಚು ಅಂದರೆ ಕ್ಯಾಶ್ ಮೆಮೊರಿ. ಕ್ಯಾಶ್‌ನಲ್ಲಿರುವುದು ಬೇಗ ಸಿಗುತ್ತದೆ, ರ್‍ಯಾಮ್‌ನಲ್ಲಿರುವುದು ತಡವಾಗಿ. ದಾಳಿಯ ಪ್ರೋಗ್ರಾಮ್ ತನಗೆ ಹಕ್ಕಿಲ್ಲದ ಕರ್ನಲ್ ವಿಳಾಸದಿಂದ ಒಂದು ಬೈಟ್ ಓದಲು ಹೋಗುತ್ತದೆ. 'ನಿನಗೆ ಅನುಮತಿ ಇಲ್ಲ' ಎಂಬ ತೀರ್ಪು ಬರುವುದು ಒಂದು ಗಳಿಗೆ ತಡ. ಅಷ್ಟರಲ್ಲಿ ಆ ಬೈಟ್ ಹಿಡಿದು ಮುಂದಿನ ಸಾಲೂ ಓಡಿಬಿಟ್ಟಿರುತ್ತದೆ. ಪ್ರೋಗ್ರಾಮ್ ತನ್ನದೇ ಮೆಮೊರಿಯಲ್ಲಿ 256 ಪುಟ ಇಟ್ಟುಕೊಂಡಿರುತ್ತದೆ, ಬೈಟ್‌ನ ಒಂದೊಂದು ಬೆಲೆಗೆ ಒಂದು ಪುಟ. ಬೈಟ್ 65 ಆಗಿದ್ದರೆ 65ನೇ ಪುಟ ಕ್ಯಾಶ್‌ಗೆ ಬರುತ್ತದೆ. ಆಮೇಲೆ ಪ್ರೊಸೆಸರ್ ಎಲ್ಲವನ್ನೂ ರದ್ದು ಮಾಡುತ್ತದೆ. ಕ್ಯಾಶ್ ಮಾತ್ರ ಹಾಗೇ ಉಳಿಯುತ್ತದೆ. 256 ಪುಟಗಳನ್ನೂ ಒಂದೊಂದಾಗಿ ಓದಿ, ಯಾವುದು ಬೇಗ ಬಂತು ಎಂದು ಗಡಿಯಾರ ಹಿಡಿದು ನೋಡಿದರೆ ಸಾಕು, ಬೈಟ್ ಕೈಗೆ ಸಿಕ್ಕಂತೆ. ಸಂಶೋಧಕರು ಹೀಗೆ ಸೆಕೆಂಡಿಗೆ 503 ಕಿಲೋಬೈಟ್‌ವರೆಗೂ ಓದಿ ತೋರಿಸಿದರು.

ಲಿನಕ್ಸ್‌ನಲ್ಲಿ ಕಂಪ್ಯೂಟರಿನ ಇಡೀ ರ್‍ಯಾಮ್ ಕರ್ನಲ್‌ನ ವಿಳಾಸಗಳ ಭಾಗದಲ್ಲಿ ಮ್ಯಾಪ್ ಆಗಿರುತ್ತದೆ. ಹಾಗಾಗಿ ಕದಿಯಬಹುದಾದದ್ದು ಕರ್ನಲ್‌ನ ಗುಟ್ಟು ಮಾತ್ರ ಅಲ್ಲ, ಪಕ್ಕದ ಪ್ರೋಗ್ರಾಮ್‌ನ ಪಾಸ್‌ವರ್ಡ್ ಕೂಡ.

ಪ್ಯಾಚ್ ಅದನ್ನು ಹೇಗೆ ತಡೆಯುತ್ತದೆ?

ಪೇಜ್ ಟೇಬಲ್ ಅಂದರೆ ಯಾವ ವಿಳಾಸ ಮೆಮೊರಿಯಲ್ಲಿ ಎಲ್ಲಿದೆ ಎಂದು ಹೇಳುವ ಪಟ್ಟಿ. ಮೊದಲು ಪ್ರತಿ ಪ್ರೋಗ್ರಾಮ್‌ನ ಪೇಜ್ ಟೇಬಲ್‌ನಲ್ಲೂ ಕರ್ನಲ್‌ನ ವಿಳಾಸಗಳು ಇರುತ್ತಿದ್ದವು, 'ಮುಟ್ಟಬಾರದು' ಎಂಬ ಗುರುತಿನ ಜೊತೆ. ಪಿಟಿಐ ಬಂದ ಮೇಲೆ ಎರಡು ಟೇಬಲ್. ಪ್ರೋಗ್ರಾಮ್ ಓಡುವಾಗ ಬಳಸುವ ಟೇಬಲ್‌ನಲ್ಲಿ ಕರ್ನಲ್ ಒಳಗೆ ಹೋಗಿಬರಲು ಬೇಕಾದ ಚಿಕ್ಕ ತುಂಡು ಬಿಟ್ಟು ಬೇರೇನೂ ಇಲ್ಲ. ಇಲ್ಲದ ವಿಳಾಸವನ್ನು ಊಹೆಯ ಮೇಲೂ ಓದಲಾಗದು. ಕರ್ನಲ್ ಕೆಲಸ ಬಿದ್ದಾಗ ಟೇಬಲ್ ಬದಲಾಗುತ್ತದೆ, ಮುಗಿದ ಮೇಲೆ ಮತ್ತೆ ಬದಲಾಗುತ್ತದೆ.

ಪ್ಯಾಚ್ ಹಾಕಿದ್ರ ಮಷಿನ್ ಸ್ಲೋ ಆಗ್ತದೇನ್ರಿ?

ಜಾಸ್ತಿ ಜನ ಕೇಳುವ ಪ್ರಶ್ನೆ ಇದೇ. ಆಗುತ್ತದೆ, ಆದರೆ ಎಲ್ಲರಿಗೂ ಒಂದೇ ರೀತಿ ಅಲ್ಲ.

ಟೇಬಲ್ ಬದಲಿಸುವುದಕ್ಕೆ ಹೊತ್ತು ಹಿಡಿಯುತ್ತದೆ. ಹಾಗಾಗಿ ಕರ್ನಲ್ ಕಡೆಗೆ ಎಷ್ಟು ಸಲ ಓಡುತ್ತೀರಿ ಎಂಬುದರ ಮೇಲೆ ಪೆಟ್ಟು. ಡಿಸ್ಕ್‌ನಿಂದ ಸಣ್ಣ ಸಣ್ಣ ಓದು, ನೆಟ್‌ವರ್ಕ್, ಡೇಟಾಬೇಸ್, ಇವಕ್ಕೆ ಜಾಸ್ತಿ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂಡದ ಆಂಡ್ರೆಸ್ ಫ್ರಾಯಿಂಡ್ ಆಗಲೇ ಅಳೆದು ನೋಡಿದ್ದರು. ಓದುವ ಪರೀಕ್ಷೆಗಳಲ್ಲಿ ಶೇಕಡಾ 7ರಿಂದ 23ರವರೆಗೆ ವೇಗ ಇಳಿದಿತ್ತು. ಆದರೆ ಕೂತಲ್ಲೇ ಲೆಕ್ಕ ಹಾಕುವ ಕೆಲಸಕ್ಕೆ ಏನೂ ಗೊತ್ತಾಗುವುದಿಲ್ಲ. ಉದ್ಯಮಬಾಗದಲ್ಲಿ ಡ್ರಾಯಿಂಗ್ ಮಾಡುವವರು, ಪತ್ರ ಟೈಪ್ ಮಾಡುವವರು ವ್ಯತ್ಯಾಸ ಹುಡುಕಿದರೂ ಸಿಗುವುದು ಕಷ್ಟ.

ಪ್ರೊಸೆಸರ್ ಎಷ್ಟು ಹಳೆಯದು ಎಂಬುದೂ ಮುಖ್ಯ. ಪಿಸಿಐಡಿ ಎಂಬ ಸೌಲಭ್ಯ ಇದ್ದರೆ ಟೇಬಲ್ ಬದಲಾದಾಗ ಪ್ರೊಸೆಸರ್ ಇಟ್ಟುಕೊಂಡ ಹಳೆಯ ವಿಳಾಸಗಳ ನೆನಪನ್ನೆಲ್ಲ ಅಳಿಸಬೇಕಿಲ್ಲ, ಹೊಡೆತ ಕಡಿಮೆ. ಮೈಕ್ರೋಸಾಫ್ಟ್ 2018ರ ಜನವರಿಯಲ್ಲಿ ಹೇಳಿದ ಪ್ರಕಾರ, ಇಂಟೆಲ್‌ನ ಸ್ಕೈಲೇಕ್ ಅಥವಾ ಅದಕ್ಕಿಂತ ಹೊಸ ಚಿಪ್ ಮೇಲೆ ವಿಂಡೋಸ್ 10 ಇದ್ದರೆ ಹೆಚ್ಚಿನವರಿಗೆ ಗೊತ್ತೂ ಆಗುವುದಿಲ್ಲ. ಹ್ಯಾಸ್‌ವೆಲ್ ಅಥವಾ ಅದಕ್ಕಿಂತ ಹಳೆಯದರ ಮೇಲೆ ವಿಂಡೋಸ್ 7 ಇದ್ದರೆ ಬಹಳ ಜನಕ್ಕೆ ಗೊತ್ತಾಗುತ್ತದೆ. ಹ್ಯಾಸ್‌ವೆಲ್ ಅಂದರೆ 2013ರ ನಾಲ್ಕನೇ ತಲೆಮಾರು. ನಮ್ಮ ಕಡೆ ಪುಣೆಯಿಂದಲೋ ಬೆಂಗಳೂರಿನಿಂದಲೋ ಬರುವ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್‌ಗಳಲ್ಲಿ ಇವೇ ಎಷ್ಟೋ ಇವೆ. ಅಂಥ ಮಷಿನ್‌ಗೆ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ. ಪ್ಯಾಚ್ ಕಳೆದದ್ದಕ್ಕಿಂತ ಎಷ್ಟೋ ಪಾಲು ವೇಗ ಮರಳಿ ಬರುತ್ತದೆ.

ಪ್ಯಾಚ್ ಆಫ್ ಮಾಡಿದರೆ ಫಾಸ್ಟ್ ಆಗುತ್ತದೆ ಅಂತ ವಿಡಿಯೋದಲ್ಲಿ ನೋಡಿದೆ. ಮಾಡಲಾ?

ಬೇಡ. ದಯವಿಟ್ಟು ಬೇಡ.

ಲಿನಕ್ಸ್‌ನಲ್ಲಿ ಬೂಟ್ ಆಗುವಾಗ 'ನೋಪಿಟಿಐ' ಎಂದು ಕೊಟ್ಟರೆ ಇದು ಬಂದ್ ಆಗುತ್ತದೆ. 2019ರ 5.2 ಕರ್ನಲ್‌ನಿಂದ 'ಮಿಟಿಗೇಶನ್ಸ್ ಆಫ್' ಎಂಬ ಒಂದೇ ಆಯ್ಕೆಯಲ್ಲಿ ಇಂಥ ಎಲ್ಲ ರಕ್ಷಣೆಗಳನ್ನೂ ತೆಗೆಯಬಹುದು. ಇದು ಇಂಟರ್ನೆಟ್‌ಗೆ ಜೋಡಿಸದ, ನಂಬಿದ ಪ್ರೋಗ್ರಾಮ್ ಬಿಟ್ಟು ಬೇರೇನೂ ಓಡದ ಮಷಿನ್‌ಗಳಿಗೆ ಇರುವ ಅನುಕೂಲ. ನಿಮ್ಮ ಸಂಘದ ಕಂಪ್ಯೂಟರಿನಲ್ಲಿ ಬ್ರೌಸರ್ ಇದೆ. ವಾಟ್ಸಾಪ್‌ನಲ್ಲಿ ಬಂದ ಫೈಲ್ ಅದರಲ್ಲೇ ತೆರೆಯುತ್ತೀರಿ. ಸಾವಿರಾರು ಸದಸ್ಯರ ಖಾತೆ, ಆಧಾರ್ ಪ್ರತಿ, ಸಹಿ ಎಲ್ಲ ಅದರಲ್ಲೇ ಇದೆ. ಅಲ್ಲಿ ಠೇವಣಿ ಇಟ್ಟವರಲ್ಲಿ ಬೀಡಿ ಕಟ್ಟುವ ಅವ್ವಂದಿರಿದ್ದಾರೆ, ಕಬ್ಬಿನ ಬಿಲ್ ಬಂದ ದಿನ ಹಣ ತಂದಿಟ್ಟ ರೈತರಿದ್ದಾರೆ. ವರದಿ ನಾಲ್ಕು ಸೆಕೆಂಡ್ ಬೇಗ ಬರಲಿ ಅಂತ ಅವರ ಮಾಹಿತಿಯನ್ನು ತೆರೆದಿಡುವ ಹಕ್ಕು ನಮಗಿಲ್ಲ.

ನಮ್ಮ ಮಷಿನ್‌ಗೆ ಪ್ಯಾಚ್ ಬಂದಿದೆಯಾ? ನೋಡುವುದು ಹೇಗೆ?

ಲಿನಕ್ಸ್ ಇದ್ದರೆ ಟರ್ಮಿನಲ್ ತೆರೆದು ಎಲ್, ಎಸ್, ಸಿ, ಪಿ, ಯು ಎಂದು ಐದು ಅಕ್ಷರ ಟೈಪ್ ಮಾಡಿ ಎಂಟರ್ ಒತ್ತಿ. ಪ್ರೊಸೆಸರ್‌ನ ಹೆಸರು, ಕೋರ್‌ಗಳ ಲೆಕ್ಕ ಎಲ್ಲ ಬಂದು ಕೆಳಗೆ 'ವಲ್ನರಬಿಲಿಟಿ' ಎಂದು ಶುರುವಾಗುವ ಸಾಲುಗಳು ಕಾಣುತ್ತವೆ. ಮೆಲ್ಟ್‌ಡೌನ್ ಎದುರು 'ಮಿಟಿಗೇಶನ್. ಪಿಟಿಐ' ಎಂದಿದ್ದರೆ ದೋಷ ಇದೆ, ಪ್ಯಾಚ್ ಅದನ್ನು ತಡೆದಿದೆ. 'ನಾಟ್ ಅಫೆಕ್ಟೆಡ್' ಎಂದಿದ್ದರೆ ನಿಮ್ಮ ಚಿಪ್‌ಗೆ ಆ ದೋಷವೇ ಇಲ್ಲ. ಬರೀ 'ವಲ್ನರಬಲ್' ಎಂದಿದ್ದರೆ ಅವತ್ತೇ ಅಪ್‌ಡೇಟ್ ಮಾಡಿ. ಆ ಸಾಲುಗಳೇ ಬರದಿದ್ದರೆ ನಿಮ್ಮ ಲಿನಕ್ಸ್ ತುಂಬಾ ಹಳೆಯದು ಎಂದರ್ಥ. 32 ಬಿಟ್ ಲಿನಕ್ಸ್ ಇಟ್ಟುಕೊಂಡ ಹಳೆಯ ಲ್ಯಾಬ್‌ಗಳು ಗಮನಿಸಿ. ಅದಕ್ಕೆ ಪಿಟಿಐ ಬಂದದ್ದು 2018ರ ಅಕ್ಟೋಬರ್‌ನ 4.19ರಲ್ಲಿ.

ವಿಂಡೋಸ್‌ನಲ್ಲಿ ಪವರ್‌ಶೆಲ್‌ಗೆ 'ಸ್ಪೆಕ್ಯುಲೇಶನ್ ಕಂಟ್ರೋಲ್' ಎಂಬ ಮಾಡ್ಯೂಲನ್ನು ಮೈಕ್ರೋಸಾಫ್ಟ್ ಕೊಟ್ಟಿದೆ. ಅದನ್ನು ಹಾಕಿಕೊಂಡರೆ ಯಾವ ರಕ್ಷಣೆ ಆನ್ ಇದೆ ಎಂದು ತೋರಿಸುತ್ತದೆ. ವಿಂಡೋಸ್ 7ರ ಸಾಮಾನ್ಯ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿದೆ. ಆಮೇಲೆ ಕಂಡ ದೋಷಗಳಿಗೆ ಅದರಲ್ಲಿ ಮದ್ದಿಲ್ಲ. ವೋಚರ್ ಬರೆಯಲು ಅಷ್ಟು ಸಾಕಲ್ವಾ ಎಂದು ಕೇಳುತ್ತಾರೆ. ನೆಟ್ ಕೇಬಲ್ ಜೋಡಿಸಿದ್ದರೆ ಸಾಲದು.

ಎಎಂಡಿ ಇದ್ದರೆ ಚಿಂತೆ ಇಲ್ಲವಾ? ಮೊಬೈಲ್, ರಾಸ್ಪ್‌ಬೆರಿ ಪೈ?

ಮೆಲ್ಟ್‌ಡೌನ್ ಮಟ್ಟಿಗೆ ಎಎಂಡಿಗೆ ಚಿಂತೆ ಇಲ್ಲ. ಊಹೆಯ ಓಟವನ್ನೇ ಬಳಸಿಕೊಳ್ಳುವ ಇನ್ನೊಂದು ದೋಷ ಸ್ಪೆಕ್ಟರ್ ಮಾತ್ರ ಇಂಟೆಲ್, ಎಎಂಡಿ, ಮೊಬೈಲ್ ಚಿಪ್‌ಗಳ ಆರ್ಮ್ ಮೂವರಿಗೂ ಅಂಟಿದೆ. ಮೊಬೈಲ್‌ಗಳಲ್ಲಿ ಹೆಚ್ಚಿನವಕ್ಕೆ ಮೆಲ್ಟ್‌ಡೌನ್ ತಗಲುವುದಿಲ್ಲ. ಆರ್ಮ್‌ನ ಕಾರ್ಟೆಕ್ಸ್ ಎ75ಕ್ಕೆ ಮಾತ್ರ ತಗಲುತ್ತದೆ ಎಂದು ಆರ್ಮ್ ಆಗ ಹೇಳಿತ್ತು. ಆಗ ಇದ್ದ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್‌ಗಳಿಗೆ ಎರಡೂ ಇಲ್ಲ. ಅವುಗಳ ಕೋರ್ ಆ ರೀತಿ ಮುಂದೆ ಓಡುವುದೇ ಇಲ್ಲ.

ಆ ದಿನಗಳ ಊಹೆಗಳಲ್ಲಿ ಯಾವುದು ಸರಿ, ಯಾವುದು ತಪ್ಪು?

ಪ್ಯಾಚ್ ಓದಿ ಹೇಳಿದವರ ಮಾತು ಹೆಚ್ಚುಕಡಿಮೆ ನಿಜವಾಯಿತು. ದೋಷ ಹಾರ್ಡ್‌ವೇರ್‌ನದು, ಊಹೆಯ ಓದಿನದು, ಇಂಟೆಲ್‌ಗೆ ತಗಲುತ್ತದೆ, ಎಎಂಡಿಗೆ ಇಲ್ಲ. ಎಲ್ಲ ಸರಿ. ಪ್ಯಾಚ್ ಬಿಟ್ಟು ಹೊರಗೆ ಹಾರಿದವರ ಮಾತು ಜಾರಿತು. ಎಲ್ಲ ಕಂಪ್ಯೂಟರೂ ಶೇಕಡಾ 30 ನಿಧಾನ ಎಂದರು, ಅದು ಕೆಲವೇ ಬಗೆಯ ಕೆಲಸದ ಲೆಕ್ಕವಾಗಿತ್ತು. ಎಎಂಡಿ ಪೂರ್ತಿ ಸುರಕ್ಷಿತ ಎಂದರು, ಮೂರನೇ ತಾರೀಖು ಸ್ಪೆಕ್ಟರ್ ಬಂತು. ಆ ಪ್ಯಾಚ್‌ನಲ್ಲಿ ಸ್ಪೆಕ್ಟರ್‌ನ ಸುಳಿವೇ ಇರಲಿಲ್ಲ. ಕಂಪ್ಯೂಟರ್ ಸುರಕ್ಷತೆ ನೋಡುವ ಅಮೆರಿಕದ ಸರ್ಟ್ ಸಂಸ್ಥೆಯೊಂದು ಮೊದಲಿಗೆ ಸಿಪಿಯುವನ್ನೇ ಬದಲಿಸಿ ಎಂದು ಬರೆದು, ಆಮೇಲೆ ಆ ಮಾತು ತೆಗೆದುಹಾಕಿ ಅಪ್‌ಡೇಟ್ ಮಾಡಿ ಎಂದಿತು.

ಒಂದು ಪ್ಯಾಚ್ ತಾನು ಮುಚ್ಚುವ ತೂತಿನ ಬಗ್ಗೆ ಮಾತ್ರ ಹೇಳುತ್ತದೆ. ಪಕ್ಕದಲ್ಲಿ ಇನ್ನೊಂದು ತೂತು ಇದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ.

ಪ್ಯಾಚ್‌ನಿಂದಲೇ ಕಂಪ್ಯೂಟರ್ ಕೆಟ್ಟವಂತೆ, ಹೌದಾ?

ಹೌದು. ವಿಂಡೋಸ್‌ನ ಜನವರಿ ಪ್ಯಾಚ್ ಹಾಕಿದ ಕೆಲವು ಹಳೆಯ ಎಎಂಡಿ ಮಷಿನ್‌ಗಳು ಬೂಟ್ ಆಗಲೇ ಇಲ್ಲ, ಮೈಕ್ರೋಸಾಫ್ಟ್ ಅವಕ್ಕೆ ಅದನ್ನು ನಿಲ್ಲಿಸಬೇಕಾಯಿತು. ಸ್ಪೆಕ್ಟರ್‌ಗಾಗಿ ಇಂಟೆಲ್ ಕೊಟ್ಟ ಮೈಕ್ರೋಕೋಡ್‌ನಿಂದ (ಚಿಪ್‌ನ ಒಳಗೇ ಓಡುವ ಕೋಡ್) ಹ್ಯಾಸ್‌ವೆಲ್, ಬ್ರಾಡ್‌ವೆಲ್ ಚಿಪ್‌ಗಳು ತಾವಾಗಿಯೇ ರೀಬೂಟ್ ಆಗತೊಡಗಿದವು. ಜನವರಿ 22ರಂದು ಇಂಟೆಲ್‌ನವರೇ, ಸದ್ಯ ಹಾಕಬೇಡಿ ಎಂದರು.

ಇದರಿಂದ ಪ್ಯಾಚ್ ಬೇಡ ಎಂದು ತೀರ್ಮಾನಿಸಬೇಡಿ. ಹಾಕುವ ಕ್ರಮ ಬೇಕು. ಬ್ಯಾಕಪ್ ತೆಗೆದು ಅದು ತೆರೆಯುತ್ತದೆಯೇ ನೋಡಿ. ಮೊದಲು ಒಂದು ಮಷಿನ್‌ಗೆ ಹಾಕಿ, ಅದರಲ್ಲಿ ಪಾಸ್‌ಬುಕ್ ಪ್ರಿಂಟ್ ಆಗುತ್ತದಾ, ದಿನದ ಲೆಕ್ಕ ಮುಗಿಯುತ್ತದಾ ನೋಡಿಕೊಂಡು ಉಳಿದವಕ್ಕೆ ಹಾಕಿ. ಸಂಘದಲ್ಲಾದರೆ ಮಾರ್ಚ್ 31ರ ಹತ್ತಿರ ಕರ್ನಲ್ ಮುಟ್ಟುವ ಕೆಲಸ ಇಟ್ಟುಕೊಳ್ಳಬೇಡಿ, ಮಾರ್ಚ್ ಮೊದಲ ವಾರದೊಳಗೆ ಮುಗಿಸಿ.

ಈ ದೋಷದಿಂದ ಯಾರಾದರೂ ದೂರದಿಂದ ನಮ್ಮ ಕಂಪ್ಯೂಟರ್ ಒಳಗೆ ನುಗ್ಗಬಹುದಾ?

ಮೆಲ್ಟ್‌ಡೌನ್ ಬಾಗಿಲು ಒಡೆಯುವುದಿಲ್ಲ. ಮೊದಲು ಯಾವುದಾದರೂ ಕೋಡ್ ನಿಮ್ಮ ಮಷಿನ್‌ನಲ್ಲಿ ಓಡಬೇಕು. ಆ ಕೋಡ್ ಬರುವ ದಾರಿ ಸಾಮಾನ್ಯವಾಗಿ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್. ಸ್ಪೆಕ್ಟರ್‌ಗಾದರೆ ವೆಬ್ ಪುಟದ ಜಾವಾಸ್ಕ್ರಿಪ್ಟ್ ಕೂಡ ಸಾಕು ಎಂದು ತೋರಿಸಿದ್ದಾರೆ. ಅದಕ್ಕೇ ಫೈರ್‌ಫಾಕ್ಸ್ ಸುದ್ದಿ ಹೊರಬಂದ ಮರುದಿನವೇ 57.0.4 ಬಿಟ್ಟು, ಪುಟಗಳಿಗೆ ಸಿಗುವ ಗಡಿಯಾರವನ್ನು ಮಂದ ಮಾಡಿತು. ಸಾಮಾನ್ಯ ಲಾಗ್‌ಗಳಲ್ಲಿ ಈ ದಾಳಿಗಳ ಗುರುತು ಉಳಿಯುವುದಿಲ್ಲ. 'ನಮಗೆ ಏನೂ ಆಗಿಲ್ಲ' ಎಂದು ಲಾಗ್ ನೋಡಿ ಹೇಳುವ ಹಾಗಿಲ್ಲ.

ಏಳು ತಿಂಗಳು ಮುಚ್ಚಿಟ್ಟದ್ದು ಸರಿಯಾ?

ಗೂಗಲ್‌ನ ಯಾನ್ ಹಾರ್ನ್ ಈ ದೋಷಗಳನ್ನು ಕಂಡುಹಿಡಿದರು. ಚಿಪ್ ಕಂಪನಿಗಳಿಗೆ ತಿಳಿಸಿದ್ದು 2017ರ ಜೂನ್ 1ಕ್ಕೆ. ಮದ್ದು ತಯಾರಾಗುವವರೆಗೆ ದೋಷ ಹೇಳದಿರುವುದು ಸರಿ ಎಂದೇ ನನ್ನ ಅಭಿಪ್ರಾಯ. ಇಷ್ಟು ದೊಡ್ಡ ರಿಪೇರಿಗೆ ತಿಂಗಳುಗಳು ಬೇಕು.

ನನಗೆ ಒಪ್ಪಿಗೆ ಇಲ್ಲದ್ದು ಯಾರಿಗೆ ಹೇಳಿದರು, ಯಾರನ್ನು ಬಿಟ್ಟರು ಎಂಬುದು. ದೊಡ್ಡ ಕ್ಲೌಡ್ ಕಂಪನಿಗಳಿಗೆ ಮೊದಲೇ ಗೊತ್ತಿತ್ತು. ಲಿನಕ್ಸ್‌ನಂಥದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಓಪನ್‌ಬಿಎಸ್‌ಡಿಯ ತಂಡಕ್ಕೆ ಹೇಳಲಿಲ್ಲ. ಫ್ರೀಬಿಎಸ್‌ಡಿಗೆ ತಿಳಿದದ್ದು ಡಿಸೆಂಬರ್ ಕೊನೆಗೆ. ಅಮೆರಿಕ ಸರ್ಕಾರದ ಯುಎಸ್ ಸರ್ಟ್‌ಗೂ ಸುದ್ದಿ ಹೊರಬೀಳುವ ಮುಂಚೆ ಇಂಟೆಲ್ ಹೇಳಿರಲಿಲ್ಲ. ಅಂಥವರ ಗತಿಯೇ ಹೀಗಾದರೆ ನಮ್ಮ ಊರಿನ ಸಣ್ಣ ಸರ್ವರ್ ಇಟ್ಟವರನ್ನು ಯಾರು ಕೇಳಬೇಕು? ಆ ಕಾರಣಕ್ಕೇ ಕರ್ನಲ್ ಬಯಲಲ್ಲಿ ಬೆಳೆಯುವುದು ನಮ್ಮಂಥವರಿಗೆ ದೊಡ್ಡ ಆಸರೆ. ಸುದ್ದಿ ಹೇಳದಿದ್ದರೂ ಪ್ಯಾಚ್ ಎಲ್ಲರ ಕಣ್ಣೆದುರೇ ಬಂತು. ಡಿಸೆಂಬರ್‌ನಲ್ಲಿ ಅದನ್ನು ಓದಲು ಯಾರ ಅನುಮತಿಯೂ ಬೇಕಿರಲಿಲ್ಲ.

ಮತ್ತೆ ಇಂಥ ಸುದ್ದಿ ಬಂದರೆ ಏನು ಮಾಡಬೇಕು?

ಬರುತ್ತಲೇ ಇವೆ. 2018ರ ಆಗಸ್ಟ್‌ನಲ್ಲಿ ಫೋರ್‌ಶ್ಯಾಡೋ, 2019ರ ಮೇನಲ್ಲಿ ಝೋಂಬಿಲೋಡ್, 2023ರಲ್ಲಿ ಎಎಂಡಿಗೆ ಝೆನ್‌ಬ್ಲೀಡ್, ಇಂಟೆಲ್‌ಗೆ ಡೌನ್‌ಫಾಲ್. ಹೆಸರು ಬರುವವರೆಗೆ ಕಾಯಬೇಡಿ. ಕರ್ನಲ್ ಅಪ್‌ಡೇಟ್ ಬಂದಿದ್ದರೆ, ಏಕೆ ಬಂತೆಂದು ಗೊತ್ತಿಲ್ಲದಿದ್ದರೂ, ಮೇಲೆ ಹೇಳಿದ ಕ್ರಮದಲ್ಲಿ ಹಾಕಿ, ಹಾಕಿದ ಮೇಲೆ ರೀಸ್ಟಾರ್ಟ್ ಮಾಡಿ. ರೀಸ್ಟಾರ್ಟ್ ಆಗುವವರೆಗೆ ಹಳೆಯ ಕರ್ನಲ್ಲೇ ಓಡುತ್ತಿರುತ್ತದೆ. ಇದನ್ನು ಮರೆಯುವವರು ಬಹಳ. ಗ್ರೂಪ್‌ನಲ್ಲಿ ಬಂದ 'ಎಲ್ಲ ಕಂಪ್ಯೂಟರ್ ಬಂದ್ ಮಾಡಿ' ಎಂಬ ಸಂದೇಶವನ್ನು ಮುಂದೆ ಕಳಿಸಬೇಡಿ. ಪ್ಯಾಚ್ ಎಲ್ಲಿದೆ, ಯಾವ ಕರ್ನಲ್‌ಗೆ ಬಂದಿದೆ ಎಂದು ಕೇಳಿ. ಉತ್ತರ ಇಲ್ಲದಿದ್ದರೆ ಅದು ಬರೀ ಗಾಳಿಸುದ್ದಿ.

ನಾನು ಎಂಜಿನಿಯರಿಂಗ್ ಓದುತ್ತಿದ್ದೇನೆ. ಪ್ಯಾಚ್ ಓದುವುದು ಎಲ್ಲಿಂದ ಶುರು ಮಾಡಲಿ?

ಇದನ್ನು ಕೇಳುವವರು ಕಡಿಮೆ. ಜಾಸ್ತಿ ಆಗಲಿ ಎಂದೇ ಸೇರಿಸಿದ್ದೇನೆ. 4.14.10 ಮತ್ತು 4.14.11, ಈ ಎರಡು ಕರ್ನಲ್‌ಗಳ ಸೋರ್ಸ್ ಇಳಿಸಿಕೊಂಡು ವ್ಯತ್ಯಾಸ ತೆಗೆಯಿರಿ. ಎಕ್ಸ್86ರ ಎಂಎಂ ಫೋಲ್ಡರ್ ಒಳಗೆ 'ಪಿಟಿಐ ಡಾಟ್ ಸಿ' ಎಂಬ ಫೈಲ್ ಇದೆ, ಅಲ್ಲಿಂದ ಶುರು ಮಾಡಿ. ಫೈಲ್‌ನ ತಲೆಯಲ್ಲೇ ಗ್ರಾಜ್‌ನ ನಾಲ್ವರ ಹೆಸರು, ಹ್ಯಾನ್ಸನ್ ಏನು ಬದಲಿಸಿದರು, ಮರುಬರೆದವರು ಯಾರು ಎಲ್ಲ ಇದೆ. ಮೊದಲ ಸಲ ಅರ್ಧವೂ ಅರ್ಥವಾಗುವುದಿಲ್ಲ, ಪರವಾಗಿಲ್ಲ. ಆಪರೇಟಿಂಗ್ ಸಿಸ್ಟಮ್ ವಿಷಯದಲ್ಲಿ ಓದಿದ ಪೇಜ್ ಟೇಬಲ್ ಪಾಠ ಪಕ್ಕದಲ್ಲಿಟ್ಟುಕೊಂಡು ಎರಡನೇ ಸಲ ಓದಿ. ಸಿಕ್ಕಿಕೊಂಡ ಸಾಲನ್ನು ಬರೆದಿಟ್ಟುಕೊಂಡು ಬನ್ನಿ, ಕೂತು ನೋಡೋಣ.